ಹೋದ ಬಗ್ ಯಾರ ಕೈಲಿ?

ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಜಿಯೊಕ್ಯಾಶಿಂಗಿಗೆ ಹೊಸದಾಗಿ ಬಂದವರಿಗೆ ತಲುಪುವ ಮೊದಲ ಸಂದೇಶದಲ್ಲೇ ಮೂರು ಆಶ್ಚರ್ಯಸೂಚಕಗಳಿದ್ದರೆ ಅವರು ಈ ಹವ್ಯಾಸದಲ್ಲಿ ಎಷ್ಟು ದಿನ ಉಳಿದಾರು? ‘ನೀವು ತೆಗೆದುಕೊಂಡು ಹೋಗಿರುವುದು ಟ್ರಾವೆಲ್ ಬಗ್. ಆಟದ ಸಾಮಾನಲ್ಲ. ಕೂಡಲೇ ಲಾಗ್ ಮಾಡಿ!!!’ ಪಾಪ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೆ, ಫೋನು ತೋರಿಸಿದ ಕಡೆ ಕಲ್ಲು ಸರಿಸಿದ್ದಾರೆ, ಡಬ್ಬಿ ಸಿಕ್ಕಿದೆ. ಅದರೊಳಗಿದ್ದ ರಬ್ಬರ್ ಬಾತುಕೋಳಿಯನ್ನು ಮಗಳ ಕೈಗೆ ಕೊಟ್ಟು, ಬದಲಿಗೆ ಒಂದು ಗೋಲಿ ಇಟ್ಟು ಬಂದಿದ್ದಾರೆ. ಒಂದು ತೆಗೆದರೆ ಒಂದು ಇಡಬೇಕು ಎಂದು ಓದಿದ್ದನ್ನು ಚಾಚೂ ತಪ್ಪದೆ ಪಾಲಿಸಿದವರು ಅವರು. ಬಾತುಕೋಳಿಯ ಕೊರಳಲ್ಲಿ ನೇತಾಡುವ ಬಿಲ್ಲೆಗೆ ಬೇರೆಯೇ ಕಾನೂನಿದೆ ಎಂದು ಹೇಳಿದವರು ಯಾರು? ಆ ಬಿಲ್ಲೆ ಕಟ್ಟಿದ್ದೇ ಟ್ರಾವೆಲ್ ಬಗ್. ಅದು ಡಬ್ಬಿಯಿಂದ ಡಬ್ಬಿಗೆ ಪ್ರಯಾಣ ಮಾಡುತ್ತಿರಬೇಕು, ತೆಗೆದವರು, ಇಟ್ಟವರು ಜಾಲತಾಣದಲ್ಲಿ ದಾಖಲಿಸಬೇಕು, ಅದೇ ಲಾಗ್.

ಈ ಸಂದೇಶ ಬರೆದ ಹಳಬರ ಕಾರಿನ ಡ್ಯಾಶ್‌ಬೋರ್ಡ್ ಖಾನೆ ಒಮ್ಮೆ ತೆಗೆಸಿ ನೋಡಬೇಕು. ಹೋದ ವರ್ಷದ ಪಾರ್ಕಿಂಗ್ ಚೀಟಿಗಳಡಿ ನಾಲ್ಕು ಬಗ್‌ಗಳು ನಿದ್ದೆ ಹೊಡೆಯುತ್ತಿರುತ್ತವೆ. ಎರಡು ವಾರದೊಳಗೆ ಮುಂದಿನ ಡಬ್ಬಿಗೆ ಸೇರಿಸಬೇಕೆಂಬ ರೂಢಿ ಹೊಸಬರಿಗೆ ಮಾತ್ರ ಅನ್ವಯ.

ಹೊಸಬರಿಗೆ ಹೇಳಬೇಕಾದದ್ದು ಮೂರು ಸಾಲು, ಅಷ್ಟೆ. ಡಬ್ಬಿ ಹುಡುಕಿದ್ದಕ್ಕೆ ಶಾಭಾಸ್. ಬಿಲ್ಲೆಯ ಮೇಲಿರುವ ಆರು ಅಕ್ಷರಗಳನ್ನು ಜಾಲತಾಣದ ಟ್ರ್ಯಾಕಬಲ್ ಪುಟದಲ್ಲಿ ಟೈಪ್ ಮಾಡಿದರೆ ಅದು ಎಲ್ಲಿಂದ ಹೊರಟದ್ದು, ಎಲ್ಲಿಗೆ ಹೋಗಬೇಕು ಎಂದು ತೋರಿಸುತ್ತದೆ. ‘ರಿಟ್ರೀವ್’ (ಡಬ್ಬಿಯಿಂದ ತೆಗೆದೆ) ಒತ್ತಿ, ಅನುಕೂಲವಾದಾಗ ಇನ್ನೊಂದು ಡಬ್ಬಿಗೆ ಹಾಕಿ. ಬಗ್ ತೆಗೆದವರು ಬದಲಿಗೆ ಏನನ್ನೂ ಇಡಬೇಕಾಗಿಲ್ಲ ಎಂದು ನಾಲ್ಕನೇ ಸಾಲು ಸೇರಿಸಿದರೂ ನಡೆದೀತು. ಐದನೇ ಸಾಲಿಗೆ ಹೋದರೆ ಅದು ಪಾಠವಾಗುತ್ತದೆ. ಬೆರಳು ಎಡವುವುದು ಎಲ್ಲಿ ಎನ್ನುವುದಂತೂ ಗೊತ್ತಿರುವ ಸಂಗತಿ. ಬಗ್‌ನ ಪುಟದಲ್ಲಿ ಟಿಬಿ ಎಂದು ಶುರುವಾಗುವ ಸಂಖ್ಯೆಯೊಂದಿರುತ್ತದೆ. ಅದು ಎಲ್ಲರಿಗೂ ಕಾಣುವಂಥದ್ದು, ಅದನ್ನು ಟೈಪ್ ಮಾಡಿದರೆ ಪುಟ ತೆರೆಯುತ್ತದೆ, ಲಾಗ್ ಮಾತ್ರ ಆಗುವುದಿಲ್ಲ. ಲಾಗ್ ಮಾಡಲು ಬಿಲ್ಲೆಯ ಮೇಲಿನ ಗುಟ್ಟಿನ ಸಂಖ್ಯೆಯೇ ಬೇಕು. ‘ನಿಮ್ಮ ವೆಬ್‌ಸೈಟ್ ಕೆಲಸ ಮಾಡುತ್ತಿಲ್ಲ’ ಎನ್ನುವ ಹೊಸಬರು ಬಹುಪಾಲು ಇಲ್ಲೇ ಸಿಕ್ಕಿಕೊಂಡಿರುತ್ತಾರೆ.

ನಿಜವಾದ ಅನಾಹುತ ಮಾಡುವವರು ಸಹಾಯಕ್ಕೆಂದು ಓಡಿ ಬರುವ ಹಳಬರು. ಹೊಸಬರು ‘ಕ’ ಡಬ್ಬಿಯಿಂದ ಬಗ್ ತೆಗೆದು ಲಾಗ್ ಮಾಡಿದರು. ‘ಖ’ ಡಬ್ಬಿಯಲ್ಲಿ ಇಟ್ಟರು, ಆದರೆ ‘ಡ್ರಾಪ್’ (ಡಬ್ಬಿಗೆ ಹಾಕಿದೆ) ಒತ್ತಲು ಮರೆತರು. ಮರುದಿನ ಹಳಬರು ‘ಖ’ ಡಬ್ಬಿ ತೆರೆದರೆ ಬಗ್ ಕೈಯಲ್ಲಿದೆ, ಪುಟದಲ್ಲಿ ಮಾತ್ರ ಹೊಸಬರ ಹೆಸರು. ತಾಳ್ಮೆ ಎಲ್ಲಿಂದ ಬರಬೇಕು? ಇನ್ನೊಬ್ಬರ ಹೆಸರಿನಲ್ಲಿರುವ ಬಗ್ಗನ್ನು ತನ್ನ ಹೆಸರಿಗೆ ಎಳೆದುಕೊಳ್ಳುವ ‘ಗ್ರ್ಯಾಬ್’ ಒತ್ತಿಯೇ ಬಿಟ್ಟರು. ಸಂಜೆ ಮನೆಗೆ ಬಂದ ಹೊಸಬರು ಶ್ರದ್ಧೆಯಿಂದ ಲಾಗ್ ಮಾಡಲು ಕುಳಿತರೆ ಬಗ್ ಅವರ ಪಟ್ಟಿಯಲ್ಲೇ ಇಲ್ಲ. ಇನ್ನು ‘ಖ’ ಡಬ್ಬಿಗೆ ಅದು ಹೋಗಿತ್ತೆಂಬುದೇ ದಾಖಲೆಯಲ್ಲಿಲ್ಲ, ದೂರದ ಲೆಕ್ಕವೂ ‘ಕ’ದಿಂದ ನೇರವಾಗಿ ಮುಂದಿನ ಡಬ್ಬಿಗೆ ಹಾರುತ್ತದೆ. ಸರಿಪಡಿಸುವ ದಾರಿ ಇದೆ: ಹೊಸಬರು ಅದನ್ನು ಮತ್ತೆ ಗ್ರ್ಯಾಬ್ ಮಾಡಿ, ಹಿಂದಿನ ದಿನಾಂಕ ಹಾಕಿ ‘ಖ’ದಲ್ಲಿ ಡ್ರಾಪ್ ಮಾಡಬೇಕು, ಆಮೇಲೆ ಹಳಬರು ಅಲ್ಲಿಂದ ರಿಟ್ರೀವ್ ಮಾಡಬೇಕು. ಇದಕ್ಕೆ ಹೊಸಬರ ಬಳಿ ಸಂಖ್ಯೆ ಇರಬೇಕು, ಅವರು ಅದನ್ನು ಬರೆದಿಟ್ಟುಕೊಂಡಿರುವುದಿಲ್ಲ. ಹಾಗಾಗಿ ಹಳಬರು ಖಾಸಗಿ ಸಂದೇಶದಲ್ಲಿ ಕಳಿಸಬೇಕು. ಮೊದಲೇ ಒಂದು ವಾರ ಕಾದು, ‘ಬಗ್ ನನ್ನ ಬಳಿ ಇದೆ, ನೀವು ಡ್ರಾಪ್ ಹಾಕಿದ ಮೇಲೆ ತೆಗೆದುಕೊಳ್ಳುತ್ತೇನೆ’ ಎಂದು ಬರೆದಿದ್ದರೆ ಇಷ್ಟೆಲ್ಲ ಕಸರತ್ತು ಬೇಕಿತ್ತೇ? ಹೆಸರು ಕೊರೆಸಿದ ಸ್ಟೀಲ್ ಪಾತ್ರೆ ನೆರೆಮನೆಯಲ್ಲಿ ನಾಲ್ಕು ದಿನ ಹೆಚ್ಚಿಗೆ ಉಳಿದರೆ ಯಾರೂ ಪೊಲೀಸರನ್ನು ಕರೆಯುವುದಿಲ್ಲ.

ಸಂಖ್ಯೆಯನ್ನು ಖಾಸಗಿಯಾಗಿ ಕಳಿಸಬೇಕು ಎಂದೆ. ಹೊಸಬರು ಖುಷಿಯಲ್ಲಿ ತೆಗೆದ ಫೋಟೊದಲ್ಲಿ ಬಿಲ್ಲೆ ಮುಖ ಮೇಲಾಗಿ ಹೊಳೆಯುತ್ತಿರುತ್ತದೆ, ಆರೂ ಅಕ್ಷರ ಸ್ಪಷ್ಟ. ಹೆಬ್ಬೆರಳನ್ನು ಕೊನೆಯ ಮೂರು ಅಕ್ಷರಗಳ ಮೇಲಿಟ್ಟು ಇನ್ನೊಂದು ಫೋಟೊ ತೆಗೆಯಿರಿ ಎಂದರೆ ಸಾಕು, ಅರ್ಥವಾಗುತ್ತದೆ. ಯಾಕೆಂದರೆ ಸಂಖ್ಯೆಗಳ ಪಟ್ಟಿಯನ್ನೇ ಒಬ್ಬರಿಗೊಬ್ಬರು ರವಾನಿಸಿಕೊಂಡು, ಕುರ್ಚಿಯಿಂದ ಏಳದೆ ರಾಶಿ ರಾಶಿ ಬಗ್‌ಗಳನ್ನು ‘ಡಿಸ್ಕವರ್’ (ನೋಡಿದೆ, ತೆಗೆದುಕೊಂಡಿಲ್ಲ) ಮಾಡುವ ಮಹಾನುಭಾವರಿದ್ದಾರೆ. ಬಾತುಕೋಳಿಯ ಒಡೆಯರಿಗೆ ಮೇಲ್ ಬರುತ್ತದೆ: ‘ನೋಡಿದೆ, ಚೆನ್ನಾಗಿದೆ.’ ಎಲ್ಲಿ ನೋಡಿದಿರಿ ಸ್ವಾಮಿ, ಅದು ಆರು ತಿಂಗಳಿಂದ ಯಾರದೋ ಡ್ರಾಯರಿನಲ್ಲಿದೆಯಲ್ಲ?

ಫೋಟೊ ನೋಡಿದ್ದನ್ನೇ ನೋಡಿದ್ದೆಂದು ಒಪ್ಪಿಕೊಳ್ಳುವುದಕ್ಕೆ ಸಕಾರಣವಿರುವ ಬಗ್ ಒಂದಿದೆ, ಅದು ಮಂಗಳ ಗ್ರಹದಲ್ಲಿದೆ. ನಾಸಾದ ಪರ್ಸಿವಿಯರೆನ್ಸ್ ರೋವರ್ 2020ರ ಜುಲೈ 30ರಂದು ಹೊರಟು, 2021ರ ಫೆಬ್ರುವರಿ 18ರಂದು ಜೆಝೆರೊ ಕುಳಿಯಲ್ಲಿ ಇಳಿಯಿತು. ಅದರ ತೋಳಿನ ತುದಿಯಲ್ಲಿ ಶರ್ಲಾಕ್ ಎಂಬ ಉಪಕರಣವಿದೆ. ಅತಿನೇರಳೆ ಲೇಸರ್ ಬಿಟ್ಟು ಕಲ್ಲುಗಳಲ್ಲಿ ಸಾವಯವ ವಸ್ತು ಹುಡುಕುವುದು ಅದರ ಕೆಲಸ. ಉಪಕರಣದ ಕಣ್ಣು ಸರಿಯಾಗಿದೆಯೇ ಎಂದು ಆಗಾಗ ಪರೀಕ್ಷಿಸಲು ರೋವರಿನ ಮುಂಭಾಗದಲ್ಲಿ ಹತ್ತು ಮಾದರಿಗಳ ಒಂದು ಫಲಕ. ಕೆಳಸಾಲಿನ ಐದೂ ಗಗನಯಾತ್ರಿಗಳ ಉಡುಪಿನ ಸಾಮಗ್ರಿಗಳು, ಮಂಗಳನ ವಾತಾವರಣದಲ್ಲಿ ಅವು ಹೇಗೆ ಹಾಳಾಗುತ್ತವೆ ಎಂದು ನೋಡಲು ಇಟ್ಟವು. ಅದರಲ್ಲಿ ಹೆಲ್ಮೆಟ್ಟಿನ ಮುಖಗವಚದ ಪಾಲಿಕಾರ್ಬೊನೇಟ್ ತುಣುಕೊಂದಿದೆಯಲ್ಲ, ಅದರಲ್ಲೇ ಟ್ರ್ಯಾಕಿಂಗ್ ಸಂಖ್ಯೆ. ಶರ್ಲಾಕಿನ ಜೊತೆಗಿರುವ ವಾಟ್ಸನ್ ಕ್ಯಾಮೆರಾ ಆ ಫಲಕದ ಚಿತ್ರ ತೆಗೆದು ಭೂಮಿಗೆ ಕಳಿಸುತ್ತದೆ, ಅದನ್ನು ದೊಡ್ಡದು ಮಾಡಿ ಓದಿಕೊಂಡು ಲಾಗ್ ಮಾಡಬೇಕು. ಹೆಬ್ಬೆರಳು ಅಡ್ಡ ಇಡಲು ಅಲ್ಲಿ ಯಾರೂ ಇಲ್ಲ.

ಈ ವಿಷಯಕ್ಕೆ ಬಂದ ಮೇಲೆ ಅದೇ ಫಲಕದ ಇನ್ನೊಂದು ಮಾದರಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮೇಲುಸಾಲಿನಲ್ಲಿ ಒಂದು ಕಲ್ಲಿನ ಚೂರಿದೆ, ಸೈಹ್ ಅಲ್ ಉಹೈಮಿರ್ 008 ಎಂಬ ಉಲ್ಕಾಶಿಲೆಯದು. ಅದು ಮಂಗಳನದೇ ಕಲ್ಲು. ಲಕ್ಷಾಂತರ ವರ್ಷಗಳ ಹಿಂದೆ ಯಾವುದೋ ಅಪ್ಪಳಿಕೆಗೆ ಸಿಡಿದು ಹೊರಬಿದ್ದು, ಭೂಮಿಗೆ ಬಂದು, 1999ರಲ್ಲಿ ಒಮಾನಿನ ಮರುಭೂಮಿಯಲ್ಲಿ ಜನರ ಕಣ್ಣಿಗೆ ಬಿತ್ತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಆ ಶಿಲೆಯ ಒಂದು ಚೂರು ಕೊಟ್ಟಿತು. ಅದನ್ನು ರೋವರಿಗೆ ಅಂಟಿಸಿ ತವರಿಗೆ ವಾಪಸು ಕಳಿಸಿದರು. ಬಗ್‌ಗೆ ಒಂದು ಗುರಿ ಬರೆಯುತ್ತಾರಲ್ಲ, ‘ಸಮುದ್ರ ನೋಡಬೇಕು’, ‘ಮರಳಿ ಮನೆಗೆ ಬರಬೇಕು’ ಎಂದೆಲ್ಲ, ಹಾಗೆ ಹೊರಟು ಗುರಿ ಮುಟ್ಟಿದ ಸರಕು ಅಂದರೆ ಇದೇ. ಆದರೆ ಸಂಖ್ಯೆ ಸಿಕ್ಕಿದ್ದು ಪಕ್ಕದ ಪ್ಲಾಸ್ಟಿಕ್ ತುಣುಕಿಗೆ. ಕಲ್ಲಿಗೆ ಒಂದೂ ಲಾಗ್ ಇಲ್ಲ.

ಇರಲಿ. ಕರ್ನಾಟಕದಲ್ಲಿ ತೊಂದರೆ ಬೇರೆ ರೀತಿಯದು. ಎರಡು ವಾರದ ರೂಢಿ ಹೊಂದುವುದು ಜರ್ಮನಿಯಂಥ ಕಡೆಗೆ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕೆಂಬ ನಿಯಮ ಅಲ್ಲಿ ದಿನನಿತ್ಯ ಅಡ್ಡ ಬರುತ್ತದೆ, ಅಷ್ಟು ಒತ್ತೊತ್ತು. ನಮ್ಮಲ್ಲಿ ಡಬ್ಬಿಗಳೇ ವಿರಳ. ಸಿಕ್ಕಿದ್ದು ಫಿಲ್ಮ್ ರೋಲಿನ ಡಬ್ಬಿಯಷ್ಟಿದ್ದರೆ ಬಾತುಕೋಳಿಯ ತಲೆಯೂ ಹಿಡಿಸುವುದಿಲ್ಲ. ಮ್ಯೂನಿಕ್‌ನಿಂದ ರಜೆಗೆ ಬಂದವರು ಬೆಂಗಳೂರಿನಲ್ಲಿ ಬಿಟ್ಟುಹೋದ ಬಗ್ಗನ್ನು ಎತ್ತಿಕೊಂಡ ಹೊಸಬರಿಗೆ ಅವಧಿ ಮೀರಿತೆಂದು ಗದರಿಸುವುದು ಶುದ್ಧ ಅನ್ಯಾಯ. ‘ನನ್ನ ಬಳಿ ಭದ್ರವಾಗಿದೆ, ಮುಂದಿನ ಪ್ರಯಾಣದಲ್ಲಿ ಬಿಡುತ್ತೇನೆ’ ಎಂದು ತಿಂಗಳಿಗೊಂದು ನೋಟ್ ಹಾಕಿ ಎನ್ನಬೇಕು. ಇಡುವಾಗ ಜಿಪ್ ಚೀಲದಲ್ಲಿಟ್ಟು ಇಡಲಿ, ಮುಂಗಾರಿನಲ್ಲಿ ನೀರು ನುಗ್ಗದ ಡಬ್ಬಿ ಇನ್ನೂ ತಯಾರಾಗಿಲ್ಲ. ಜೊತೆಗೆ ಇನ್ನೊಂದು ಮಾತು. ಲಾಗ್ ಪುಟದಲ್ಲಿ ‘ಡ್ರಾಪ್ ಆಲ್’ ಎಂಬ ಗುಂಡಿಯಿದೆ. ಒಂದು ಇಟ್ಟು ಅದನ್ನೊತ್ತಿದರೆ ಮನೆಯಲ್ಲಿರುವ ಉಳಿದ ಮೂರೂ ಅದೇ ಡಬ್ಬಿಯಲ್ಲಿವೆಯೆಂದು ಜಗತ್ತಿಗೆ ಸಾರಿದಂತೆ.

ಬಗ್ ಒಯ್ದವರಿಗೆ ಎಷ್ಟು ಬರೆದರೂ ಉತ್ತರ ಬಾರದಿದ್ದರೆ? ಡಬ್ಬಿಯ ಒಡೆಯರೋ ಬಗ್‌ನ ಒಡೆಯರೋ ಅದನ್ನು ‘ಕಾಣೆ’ ಎಂದು ಗುರುತು ಮಾಡುತ್ತಾರೆ. ಅದು ಮರಣಪತ್ರವಲ್ಲ, ಮುಂದೆ ಸಿಕ್ಕಿದವರು ಗ್ರ್ಯಾಬ್ ಮಾಡಿದರೆ ಮತ್ತೆ ಜೀವ ಬರುತ್ತದೆ. ಕೊಳ್ಳುವಾಗ ಒಂದೇ ಸಂಖ್ಯೆಯ ಎರಡು ಬಿಲ್ಲೆ ಬಂದಿರುತ್ತವೆ, ಒಂದು ಮನೆಯಲ್ಲಿಟ್ಟುಕೊಳ್ಳಲು. ತಾಳ್ಮೆಗೆಟ್ಟ ಒಡೆಯರು ಅದನ್ನೇ ಹೊಸ ಬಾತುಕೋಳಿಗೆ ಕಟ್ಟಿ ಬಿಡುತ್ತಾರೆ. ಎರಡು ವರ್ಷದ ಮೇಲೆ ಯಾರೋ ಮಗಳ ಆಟಿಕೆ ಪೆಟ್ಟಿಗೆ ಖಾಲಿ ಮಾಡುವಾಗ ಹಳೆಯದೂ ಸಿಗುತ್ತದೆ, ಅವರು ತಪ್ಪೊಪ್ಪಿಕೊಂಡು ಹತ್ತಿರದ ಡಬ್ಬಿಗೆ ಹಾಕುತ್ತಾರೆ. ಅಲ್ಲಿಂದ ಮುಂದೆ ಬಗ್ ಸೋಮವಾರ ಮೈಸೂರಿನಲ್ಲಿ, ಮಂಗಳವಾರ ಓಸ್ಲೊದಲ್ಲಿ, ಬುಧವಾರ ಮತ್ತೆ ಮೈಸೂರಿನಲ್ಲಿ. ‘ಇದು ಎರಡನೇ ಬಿಲ್ಲೆ’ ಎಂದು ಚೀಟಿ ಬರೆದು ಕಟ್ಟುವ ಜಾಗರೂಕರೂ ಇದ್ದಾರೆ. ಮೂರನೇ ಡಬ್ಬಿ ತಲುಪುವಷ್ಟರಲ್ಲಿ ಚೀಟಿ ಉದುರಿಹೋಗಿರುತ್ತದೆ.