ಅಡ್ಡವೋ ಉದ್ದವೋ

ಬೆಂಗಳೂರಿನ ಮಾರ್ಚ್ ಮಧ್ಯಾಹ್ನಗಳಲ್ಲಿ ಗಾಳಿಯ ತೇವಾಂಶ ಶೇ. 30ರ ಆಸುಪಾಸಿಗೆ ಇಳಿದಾಗ ಮನುಷ್ಯರ ತುಟಿ ಒಡೆಯುತ್ತದೆ, ಗಿಟಾರುಗಳ ಮೇಲ್ಹಲಗೆ ಸೀಳುತ್ತದೆ. ತುಟಿಗೆ ಬೆಣ್ಣೆ ಸವರಿದರೆ ಆಯಿತು. ಗಿಟಾರಿಗೆ ಏನು ಮಾಡಬೇಕೆಂಬ ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಜನರಿಗಿಂತ ಅಭಿಪ್ರಾಯಗಳೇ ಹೆಚ್ಚು.

ನನ್ನ ಗಿಟಾರಿನ ಹಿಂಬದಿ ನಮ್ಮ ಬೀಟೆ ಮರದ್ದಾದರೂ ಮೇಲ್ಹಲಗೆ ಶೀತದೇಶದ ಸ್ಪ್ರೂಸ್. ಅದರ ಎಳೆಗಳು ತಂತಿಗಳ ಜೊತೆಗೇ ಉದ್ದಕ್ಕೆ ಸಾಗುತ್ತವೆ. ಆರು ಉಕ್ಕಿನ ತಂತಿಗಳ ಸುಮಾರು 70 ಕಿಲೋ ಎಳೆತವನ್ನು ಮೂರು ಮಿಲಿಮೀಟರೂ ದಪ್ಪವಿರದ ಹಲಗೆ ತಾಳಿಕೊಳ್ಳುವುದಕ್ಕೆ ಒಳಗಿನ ಆಸರೆಪಟ್ಟಿಗಳಷ್ಟೇ ಈ ಉದ್ದದ ಎಳೆಯೂ ಕಾರಣ. ಎಳೆಗೆ ಅಡ್ಡವಾಗಿ ಎಳೆದರೆ ಅದರ ಬಲ ಹತ್ತರಲ್ಲೊಂದು ಪಾಲೂ ಇಲ್ಲ. ಒಣಗಿದಾಗ ಅದು ಕುಗ್ಗುವುದೂ ಅಡ್ಡಕ್ಕೇ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು. ಒಳಗೆ ಅಂಟಿಸಿದ ಪಟ್ಟಿಗಳು ಹಾಗೆ ಕುಗ್ಗಲು ಬಿಡದಿದ್ದಾಗ ಹಲಗೆ ಎಳೆಯ ಗುಂಟ ಬಾಯಿ ಬಿಡುತ್ತದೆ.

ಹಿಂದಿನ ಬೇಸಿಗೆಯಲ್ಲಿ ಹೀಗಾದಾಗ ನಮ್ಮ ಭಾವನವರು ಐಸ್‌ಕ್ರೀಮ್ ಕಡ್ಡಿಯೊಂದನ್ನು ಬಿರುಕಿನ ನೇರಕ್ಕೇ ಒಳಗಿನಿಂದ ಅಂಟಿಸಿ, "ನೋಡಯ್ಯ, ಗೆರೆಗೆ ಗೆರೆ ಎಷ್ಟು ಚೆನ್ನಾಗಿ ಕೂತಿದೆ" ಎಂದು ಬೀಗಿದ್ದರು. ಈ ವರ್ಷ ಬಿರುಕೂ ಕಡ್ಡಿಯೂ ಒಂದೇ ಗೆರೆಯಲ್ಲಿ, ಅಷ್ಟೇ ಚೆನ್ನಾಗಿ ಸೀಳಿದವು. ಅಡುಗೆಮನೆಯ ಬಾಗಿಲು ರಿಪೇರಿಗೆ ಬಂದಿದ್ದ ಆಚಾರರು ಅದನ್ನು ನೋಡಿ, "ಸೌದೆ ಸೀಳೋದೂ ಹೀಗೇ ಅಲ್ವಾ ಸಾರ್, ಉದ್ದಕ್ಕೆ? ಬಿರುಕಿಗೆ ಅಡ್ಡ ಹಾಕ್ಬೇಕು" ಎಂದು ತೀರ್ಪು ಕೊಟ್ಟರು. ಭಾವನವರು ಕೂಡಲೇ ಪಕ್ಷ ಬದಲಿಸಿ, ಹಾಗಿದ್ದರೆ ಅಂಗೈಯಗಲದ ಹಲಗೆಯನ್ನೇ ಅಡ್ಡ ಹಾಕೋಣವೆಂದರು. ಆದರೆ ಅಡ್ಡ ಹಾಕಿದ ತುಂಡು, ಮೇಲ್ಹಲಗೆ ಕುಗ್ಗುವ ದಿಕ್ಕಿನಲ್ಲಿ ತಾನು ಕುಗ್ಗುವುದಿಲ್ಲ. ಅದು ದೊಡ್ಡದಾದಷ್ಟೂ ಅದರ ಅಂಚಿನಲ್ಲೇ ಹೊಸ ಬಿರುಕು ಹುಟ್ಟುವ ಭಯ ಹೆಚ್ಚು. ಆದ್ದರಿಂದಲೇ ಗಿಟಾರ್ ರಿಪೇರಿಯವರು ಕ್ಲೀಟ್ ಎಂಬ ಪುಟ್ಟ ಸ್ಪ್ರೂಸ್ ತುಂಡುಗಳನ್ನು, ಎರಡು ಮಿಲಿಮೀಟರಿನಷ್ಟು ತೆಳ್ಳಗೆ, ಅಂಚು ಸವೆಸಿ, ವಜ್ರಾಕೃತಿಯಲ್ಲಿ ಕತ್ತರಿಸಿ, ಎಳೆ ಬಿರುಕಿಗೆ ಅಡ್ಡ ಬರುವಂತೆ ಅಲ್ಲಲ್ಲಿ ಕೂರಿಸುತ್ತಾರೆ. ಇಷ್ಟಾದ ಮೇಲೂ ಮುಚ್ಚದ ಸಂದಿಯಿದ್ದರೆ ಅದರಲ್ಲಿ ತುಂಬುವ ತೆಳು ಮರದ ಸೀಳನ್ನು ಮಾತ್ರ ಹಲಗೆಯ ಎಳೆಯ ಜೊತೆಗೇ ಉದ್ದಕ್ಕೆ ಇಡಬೇಕು. ಒಂದೇ ಬಿರುಕಿಗೆ ಒಂದು ಅಡ್ಡ, ಒಂದು ಉದ್ದ ಎಂದು ತಿಳಿದ ಭಾವನವರು ತಾವು ಅರ್ಧ ಗೆದ್ದೆವೆಂದು ಕಾಫಿ ತರಿಸಿಕೊಂಡರು.

ಪುಣ್ಯಕ್ಕೆ ಆ ಸೀಳು ಬೇಕಾಗಲಿಲ್ಲ. ಒದ್ದೆ ಸ್ಪಂಜಿನೊಂದಿಗೆ ಪೆಟ್ಟಿಗೆಯಲ್ಲಿ ಮಲಗಿಸಿಟ್ಟ ಮೇಲೆ ಬಿರುಕು ತಾನಾಗಿಯೇ ಕೂಡಿಕೊಂಡಿತು. ಕಷ್ಟವೆಲ್ಲ ಇದ್ದದ್ದು ಕ್ಲೀಟ್ ಕೂರಿಸುವುದರಲ್ಲಿ. ಗಿಟಾರಿನ ನಾದರಂಧ್ರದ ಅಗಲ ಸುಮಾರು 10 ಸೆಂಟಿಮೀಟರ್; ಅದರಲ್ಲಿ ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ, ಮತ್ತು ಅಂಟು ಹಚ್ಚಿದ ತುಂಡು ಹಿಡಿದ ಕೈ ಒಳಗಿರುವಾಗಲೇ ಬೀದಿಯಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗುತ್ತಾನೆ. ಒಳಗೊಂದು, ಹೊರಗೊಂದು ಅಯಸ್ಕಾಂತವಿಟ್ಟು ಕ್ಲೀಟನ್ನು ಒತ್ತಿ ಹಿಡಿಯುವುದು ಒಳ್ಳೆಯ ಉಪಾಯವೇ. ಆದರೆ ಅಂಟು ಹಸಿಯಿರುವಾಗ ಅಯಸ್ಕಾಂತಗಳು ಒಂದನ್ನೊಂದು ಹುಡುಕಿಕೊಂಡು ಸರಿಯುತ್ತವೆ, ಕ್ಲೀಟೂ ಅವುಗಳ ಜೊತೆ ತಿರುಗುತ್ತದೆ. ಅಷ್ಟೆಲ್ಲ ಚರ್ಚಿಸಿ ನಿಶ್ಚಯಿಸಿದ ದಿಕ್ಕನ್ನು ಒಂದು ಕ್ಲೀಟ್ ನಮ್ಮನ್ನು ಕೇಳದೆಯೇ ಬದಲಿಸಿ ಓರೆಯಾಗಿ ನಿಂತಿತು. ಪೂರ್ತಿ ಅಡ್ಡ ಇಡದೆ ಬೇಕೆಂದೇ ಕೊಂಚ ಓರೆಯಾಗಿಡುವ ಪದ್ಧತಿಯೂ ರಿಪೇರಿಯವರಲ್ಲಿ ಉಂಟಾದ್ದರಿಂದ ನಾನು ಅದನ್ನು ಕೀಳಲು ಹೋಗಲಿಲ್ಲ.

ಭಾವನವರು ಮೊಬೈಲಿನ ಟಾರ್ಚು, ಮುಖ ನೋಡುವ ಪುಟ್ಟ ಕನ್ನಡಿ ಹಿಡಿದು ಒಳಗೆ ಇಣುಕಿ, "ಆಚಾರರು ಅಡ್ಡ ಎಂದರು, ನಾನು ಉದ್ದ ಎಂದೆ. ಇಬ್ಬರಿಗೂ ಬೇಜಾರಾಗದ ಹಾಗೆ ನಿಂತಿದೆ ನೋಡಯ್ಯ" ಎಂದು ಬೆರಳು ತೂರಿಸಲು ಹೊರಟರು.

ಬಾಗಿಲಿಗೆ ತಿರುಪು ಬಿಗಿಯುತ್ತಿದ್ದ ಆಚಾರರು ತಲೆಯೆತ್ತದೆ ಹೇಳಿದರು: "ಅಂಟು ಒಣಗೋ ತನಕ ಅವರನ್ನ ಸ್ವಲ್ಪ ದೂರ ಕೂರಿಸಿ ಸಾರ್."