ಸತ್ಯಾಂಶ: ಹಸಿರು ಕಿಲುಬಿದ್ದ ಮಾತ್ರಕ್ಕೆ ಬ್ರೋಚ್ ಪುರಾತನವಲ್ಲ

‘ಹಸಿರು ಕಿಲುಬು ಹಿಡಿದ ಕಂಚಿನ ಬ್ರೋಚ್ ರೋಮನ್ನರ ಕಾಲದ್ದೇ. ನಿಂಬೆರಸ, ಉಪ್ಪು ಹಚ್ಚಿ ಉಜ್ಜಿದರೆ ಬೆಲೆ ಏರುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಅಮೋನಿಯಾ ಮತ್ತು ಉಪ್ಪು ಬಳಸಿ ಇಂಥ ಹಸಿರನ್ನು ಕೆಲವೇ ದಿನಗಳಲ್ಲಿ ತರಿಸಬಹುದು. ಬಣ್ಣ ಬಿಟ್ಟು ರಚನೆ ನೋಡಿ. ಫಿಬ್ಯುಲಾ ಎನ್ನುವ ರೋಮನ್ ಬ್ರೋಚ್ ಬಟ್ಟೆ ಹಿಡಿದಿಡುವ ಸಾಧನ. ಅದರಲ್ಲಿ ಸಾಮಾನ್ಯವಾಗಿ ಇರುವುದು: ಬಿಲ್ಲಿನಂತೆ ಬಾಗಿದ ಮೈ, ಸ್ಪ್ರಿಂಗ್ ಅಥವಾ ಕೀಲು, ಸೂಜಿ, ಸೂಜಿಯ ತುದಿ ಕೂರುವ ಕೊಂಡಿ. ಸ್ಪ್ರಿಂಗ್ ಇರುವ ಬಗೆಯಾದರೆ ಭೂತಗನ್ನಡಿಯಲ್ಲಿ ಅದರ ಸುರುಳಿಗಳು ಬಿಡಿಬಿಡಿಯಾಗಿ ಕಾಣಬೇಕು. ಸುರುಳಿಯೆಲ್ಲ ಒಂದೇ ಮುದ್ದೆಯಾಗಿ, ಅಂಚಿನಲ್ಲಿ ಅಚ್ಚಿನ ಗೆರೆ ಇದ್ದರೆ ಎರಕದ ನಕಲಿರಬಹುದು. ಕಿಲುಬೂ ಸಂದು ತುಂಬುವುದುಂಟು, ಹಾಗಾಗಿ ಒಂದೇ ಗುರುತು ನಂಬಬೇಡಿ. ಸೂಜಿ ಮುರಿದುಹೋಗಿರುವುದು ತೀರಾ ಸಾಮಾನ್ಯ; ಅದು ದೋಷವಲ್ಲ.

ಇನ್ನು ನಿಂಬೆರಸ. ನುಣುಪಾದ, ಗಟ್ಟಿ ಹಸಿರು ಪದರದಲ್ಲೇ ಸಣ್ಣ ಕೆತ್ತನೆಯ ಗೆರೆಗಳು ಉಳಿದಿರುತ್ತವೆ; ಆಮ್ಲ ಅದನ್ನು ಕರಗಿಸಿದರೆ ಗೆರೆಯೂ ಹೋಯಿತು. ಉಪ್ಪು ಇನ್ನೂ ಕೆಟ್ಟದ್ದು. ಅದರಲ್ಲಿರುವ ಕ್ಲೋರೈಡ್ ಕಂಚಿನ ತಾಮ್ರದೊಡನೆ ಸೇರಿ, ತೇವ ಮತ್ತು ಆಮ್ಲಜನಕ ಸಿಕ್ಕಾಗ ಹೈಡ್ರೋಕ್ಲೋರಿಕ್ ಆಮ್ಲವಾಗಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಇದೇ ‘ಕಂಚಿನ ರೋಗ’. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಅದೇ ಎಂದು ಅನುಮಾನಿಸಿ, ಸಂರಕ್ಷಣಾ ತಜ್ಞರಿಗೆ ತೋರಿಸಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಒಣ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆಗಿಟ್ಟು, ಆರ್ದ್ರತೆ 35%ಕ್ಕಿಂತ ಕಡಿಮೆ ಇರುವಂತೆ ನೋಡಿಕೊಳ್ಳಿ. ತೇವ ಹೀರಿದಾಗ ಬಣ್ಣ ಬದಲಿಸುವ ಬಗೆಯ ಜೆಲ್ ಆಗಿದ್ದರೆ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ.