ಉದ್ದ ನಳಿಕೆಯ ಬಾಟಲಿಯನ್ನೂ ನೆನಪಿಸಿಕೊಳ್ಳಿ

‘ಹಿಂದಿನವರು ಹಸುವಿನ ಹಾಲಲ್ಲೇ ಕೂಸುಗಳನ್ನು ಸಾಕಲಿಲ್ಲವೇ’ ಎಂದು ಕೂಸುಗಳ ಆಹಾರದ ಕುರಿತ ನಿಮ್ಮ ಲೇಖನದಲ್ಲಿ ಕೇಳಿದ್ದೀರಿ. ಸಾಕಿದರು ನಿಜ, ಆದರೆ ಉಳಿಯದ ಕೂಸುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಾಯಿಹಾಲಿನಲ್ಲಿ ಪ್ರೋಟೀನ್ ಸುಮಾರು ಶೇ 1, ಹಸುವಿನ ಹಾಲಿನಲ್ಲಿ ಶೇ 3ಕ್ಕೂ ಹೆಚ್ಚು. ಎಳೆಯ ಮೂತ್ರಪಿಂಡಕ್ಕೆ ಅದು ಹೊರೆ. ನೀರು ಬೆರೆಸಿದರೆ ಪ್ರೋಟೀನ್ ಜೊತೆ ಕೊಬ್ಬೂ ಇಳಿಯುತ್ತದೆ, ಅದಕ್ಕೇ ಸಕ್ಕರೆ ಸೇರಿಸುತ್ತಿದ್ದರು. ಕಬ್ಬಿಣದ ಕೊರತೆ ಮಾತ್ರ ಹಾಗೇ ಉಳಿಯಿತು. ಹಾಲು ಕಾಯಿಸಿದಾಗ ಸಿ ವಿಟಮಿನ್ ಕುಗ್ಗಿ, ಕಾಲು ಮುಟ್ಟಿದರೆ ಸಾಕು ಕೂಸು ಚೀರುವಂಥ ಸ್ಕರ್ವಿಯೂ (ಸಿ ವಿಟಮಿನ್ ಕೊರತೆಯ ರೋಗ) ಬರುತ್ತಿತ್ತು.

ಇನ್ನು 19ನೇ ಶತಮಾನದ ಯುರೋಪಿನ ಬಾಟಲಿ. ಗಾಜಿನ ಬುಡ್ಡಿ, ಅದರಿಂದ ಹೊರಟ ಉದ್ದನೆಯ ರಬ್ಬರ್ ನಳಿಕೆ, ತುದಿಗೆ ನಿಪ್ಪಲ್. ಮಲಗಿದಲ್ಲೇ ಕೂಸು ಚೀಪುತ್ತದೆ, ಯಾರೂ ಹಿಡಿದು ಕೂರಬೇಕಿಲ್ಲ. ಆದರೆ ನಳಿಕೆಯೊಳಗೆ ಬ್ರಷ್ ಹೋಗದು. ಒಳಗೆ ಅಂಟಿದ ಹಾಲು ಹುಳಿತು ಹೊಸ ಹಾಲನ್ನೂ ಕೆಡಿಸುತ್ತಿತ್ತು. ಕೂಸುಗಳು ಭೇದಿಯಿಂದ ಸತ್ತವು. ಫ್ರಾನ್ಸ್ 1910ರಲ್ಲಿ ಈ ಬಾಟಲಿಯನ್ನೇ ನಿಷೇಧಿಸಿತು.

ಹಾಲಿನ ಜೊತೆಗೆ ಕೊಡುವ ಗಂಜಿಯಂಥ ಮೇಲುಣಿಸಿನಲ್ಲೂ ಹಳೆಯ ತಪ್ಪು ಇನ್ನೂ ಇದೆ: ತೀರಾ ಬೇಗ, ತೀರಾ ತೆಳ್ಳಗೆ. ಆರು ತಿಂಗಳು ತುಂಬಿದ ಮೇಲೆ ಎರಡು-ಮೂರು ಚಮಚದಿಂದ ಶುರುಮಾಡಿ. ಚಮಚ ಓರೆ ಮಾಡಿದಾಗ ಗಂಜಿ ಸುರಿದು ಹೋದರೆ ಅದು ನೀರೇ. ಪುಟ್ಟ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ.